ನೋ ಫೈಲ್

ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಾಗ
ನನ್ನ ಅಂಗಡಿಗೆ ಗಿರಾಕಿ ಜಾಸ್ತಿ.
ಸುಮ್ಮನೆ ನಿಲ್ಲಲಾರದವರು
ಸ್ಕ್ರೀನ್ ಗಾರ್ಡಿನ ರೇಟು ಕೇಳುತ್ತಾರೆ, ಕೊಳ್ಳುವುದಿಲ್ಲ.
ಹಜರತಾಲಿ ರೇಟು ಕೇಳಲಿಲ್ಲ.
ಉಮಿಯ ಹೊಗೆ ಹಿಡಿದು ಕಪ್ಪಾದ ಸ್ಪೀಕರ್ ಡಬ್ಬಿಯನ್ನು
ಜ್ವರ ಬಂದ ಕೂಸಿನಂತೆ ಟವೆಲಲ್ಲಿ ಸುತ್ತಿ ತಂದು
ಗಾಜಿನ ಮೇಲಿಟ್ಟ.
"ಕಾರ್ಡ್ ಹಾಕಿದ್ರ ಒಳಗ ಒಬ್ಬಾಕಿ ಮಾತಾಡ್ತಾಳ್ರೀ,
ನೋ ಫೈಲ್ ಅಂತಾಳ.
ಮನಿ ತುಂಬ ಮಂದಿ ಅದಾರ, ಬಾಗಿಲಾಗ ನಿಂತು
ಯಾರೂ ಇಲ್ಲ ಅಂತಾಳ."

ಕಾರ್ಡು ತೆಗೆದು ಊದಿದೆ, ಅಂಗಿಯ ತುದಿಗೆ ಉಜ್ಜಿದೆ.
ನಮ್ಮ ಕಸುಬಿನಲ್ಲಿ ಅರ್ಧ ರೋಗಕ್ಕೆ ಇಷ್ಟೇ ಮದ್ದು.
ಇದಕ್ಕೆ ಸಾಲಲಿಲ್ಲ. ಕಂಪ್ಯೂಟರಿಗೆ ಚುಚ್ಚಿದೆ.
ಇದ್ದವು, ಹದಿಮೂರು.
ಹೆಸರಿಲ್ಲದ, ಬರೀ ತಾರೀಖಿನ ಹದಿಮೂರು ಹಾಡು.
ಎಲ್ಲದರ ಬೆನ್ನಿಗೂ ಚುಕ್ಕಿ, ಚುಕ್ಕಿಯ ಹಿಂದೆ ಎಂಪಿತ್ರೀ.
ಆದರೂ ನನ್ನ ಪ್ಲೇಯರೂ ಗುರುತು ಹಿಡಿಯಲೊಲ್ಲದು.

"ಮೊದಲು ಯಾರ ಹತ್ರ ಒಯ್ದಿದ್ದಿ?"
"ಬಾಷಾನಗರದಾಗ ಒಬ್ಬ ಹುಡುಗ. ಹತ್ತು ರೂಪಾಯಿ ತಗಂಡ.
ಬಾಲ ಬದಲಿ ಮಾಡೀನಿ, ಇನ್ನ ಹಾಡ್ತಾವ ಅಂದ."
ಕತ್ತೆಗೆ ಕುದುರೆಬಾಲ ಕಟ್ಟಿದರೆ ಟಾಂಗಾ ಓಡುತ್ತೇನು?
ಬಾಲ ಬಿಚ್ಚಿ, ಒಳಗಿನ ಮೊದಲ ಅಕ್ಷರ ನೋಡಿದೆ. ಎಎಂಆರ್.
ಗುಂಡಿ ಒತ್ತುವ ಫೋನಿನ ಕಾಲದ್ದು.
ಮಾತಿಗೆಂದು ಕಟ್ಟಿದ ಇಕ್ಕಟ್ಟಿನ ಕೋಣೆ,
ಅದರೊಳಗೆ ಯಾರೋ ಹಾಡು ತುರುಕಿದ್ದಾರೆ.

ತೆರೆದೆ.
ಮೊದಲು ಸರಸರ ಸದ್ದು. ಮಳೆ ಅಂದುಕೊಂಡೆ.
"ಜರಡಿ ಅದು. ಮರಳು ಸೋಸೋದು."
ಆಮೇಲೆ ಒಂದು ಕೆಮ್ಮು.
ಆಮೇಲೆ, "ಏ ಹಜರತಾ, ಬೆಂಕಿ ಸಣ್ಣ ಮಾಡಲೇ, ಸೀದೋಗ್ತಾವ!"
ಅದಾದ ಮೇಲೆ ಪದ.
ದನಿ ಹಳೇ ಗೋಣಿಚೀಲದಂಥದು, ಒರಟು,
ಆದರೆ ಒಂದು ಕಾಳೂ ಸೋರದು.
ಸ್ಕ್ರೀನ್ ಗಾರ್ಡಿನವರು ರೇಟು ಕೇಳುವುದನ್ನು ಬಿಟ್ಟರು.

"ಯಾರಿದು?"
"ಕೊಟ್ರಬಸಪ್ಪ. ಒಂದೇ ಭಟ್ಟಿ, ಹನ್ನೊಂದು ವರ್ಷ.
ರಾತ್ರಿ ಎರಡಕ್ಕ ಹೊತ್ತಿಸಿದ್ರ
ಇವನ ಪದದ ಲೆಕ್ಕದಾಗ ನನ್ನ ಕೈ ತಿರುಗ್ತಿತ್ತು."
"ಈಗ?"
"ಅದಾನ. ಇಲ್ಲೇ, ಎರಡು ಭಟ್ಟಿ ಆಚೆ."
ಟವೆಲು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.
"ಆರುನೂರು ರೂಪಾಯಿ ಮಾತು.
ತಪ್ಪು ನಂದೋ ಅವಂದೋ ಮರ್ತೋಗೈತಿ,
ರೂಪಾಯಿ ಮಾತ್ರ ನೆನಪೈತಿ.
ಎದುರಿಗೆ ಬಂದ್ರ ಗುರ್ತಾ ಹಿಡಿಯಂಗಿಲ್ಲ, ಅವನೂ, ನಾನೂ."

ಕನ್ವರ್ಟಿಗೆ ಹಾಕಿದೆ.
ಹಸಿರು ಗೆರೆ ಅರವತ್ತಮೂರಕ್ಕೆ ಬಂದು ನಿಂತಿತು.
ಗೇಟು ಇನ್ನೂ ಬಿದ್ದೇ ಇತ್ತು. ಗೂಡ್ಸು ಗಾಡಿ,
ಡಬ್ಬಿಯ ಹಿಂದೆ ಡಬ್ಬಿ, ಯಾವುದಕ್ಕೂ ಕಿಟಕಿಯಿಲ್ಲ.
"ಕಾವು ಕಮ್ಮಿ ಬಿತ್ತೇನ್ರೀ? ಅಕ್ಕಿನೂ ಹಿಂಗ ನಿಲ್ತಾವ, ಅರಳ್ದಂಗ."
ಕಾಯೋಣ ಅಂದೆ.
ಹೊತ್ತು ಹೋಗಲೆಂದು ಕೇಳಿದೆ,
ಕಲಾವಿದರ ಹೆಸರಿಗೆ ಒಂದು ಖಾನೆ ಐತಿ, ಏನು ಬರೀಲಿ?
ಗೂಡ್ಸು ಪೂರ್ತಿ ದಾಟುವ ತನಕ ಯೋಚಿಸಿದ.
"ಅವನ ಹೆಸರು ಬ್ಯಾಡ. ಖಾಲೀನೂ ಬ್ಯಾಡ.
ನಾಕನೇ ಭಟ್ಟಿ ಅಂತ ಬರೀರಿ."
ಕೆಮ್ಮು, ಬೈಗುಳ ಕತ್ತರಿಸಲೇನು?
"ಅಯ್ಯ, ಅದಕ್ಕ ತಾನೇ ನಾ ಬಂದಿದ್ದು."

ಹನ್ನೆರಡು ಅರಳಿದವು. ಹದಿಮೂರನೆಯದು ಸೊನ್ನೆ ಕೆಬಿ.
ತಾರೀಖಿದೆ, ಗಂಟೆ ನಿಮಿಷ ಇದೆ, ಒಳಗೆ ಉಸಿರಿಲ್ಲ.
ಅಳಿಸಲು ಬೆರಳಿಟ್ಟೆ, ಕೈ ಹಿಡಿದ.
"ಇರ್ಲಿ ಬಿಡ್ರಿ. ಜಾಗ ಏನೂ ತಿನ್ನಂಗಿಲ್ಲಲ್ಲ?"
ತಿನ್ನುವುದಿಲ್ಲ ಅಂದೆ.

ನಲವತ್ತು ರೂಪಾಯಿ, ಮೇಲೊಂದು ಪೊಟ್ಟಣ ಮಂಡಕ್ಕಿ.
ಗೇಟು ಎದ್ದಿತು.
ಡಬ್ಬಿ ಹಚ್ಚಿಕೊಂಡೇ ಹೊರಟ,
ಹಳಿ ದಾಟುವಾಗ ದನಿ ಜೋರು ಮಾಡಿದ.
ಆ ಕಡೆಯಿಂದ ಬರುವ ಸೈಕಲ್ಲುಗಳಲ್ಲಿ
ಯಾರಾದರೂ ಕಾಲೂರಿ ನಿಂತರೋ ಇಲ್ಲವೋ,
ನನ್ನ ಅಂಗಡಿಯಿಂದ ಕಾಣುವುದಿಲ್ಲ.
ಕೀಬೋರ್ಡಿನ ಸಂದಿಗೆ ಬಿದ್ದ ಒಂದು ಮಂಡಕ್ಕಿ
ಈಗಲೂ ಎಂಟರ್ ಒತ್ತಿದಾಗೆಲ್ಲ
ಕರ್ ಅನ್ನುತ್ತದೆ.