ಮುಚ್ಚಿದ ದಾರಿಯ ಅಂಚೆ

ಚಿಮಟದ ತುದಿಯಲ್ಲಿ ಹಿಡಿದು ಉಸಿರು ಕಟ್ಟಿದೆ.
ಎರಡು ಉಗುರಿನಗಲದ ಕಾಗದ. ಕಿಟಕಿ ತೆರೆದರೆ
ಸಮುದ್ರದ ಗಾಳಿಗೆ ಬಾಬ್ ಶರೀಫ್ ದಾಟಿ ಹಾರಿಹೋದೀತು.

ಜಿದ್ದಾದ ಹಳೆಪೇಟೆ, ಹವಳಕಲ್ಲಿನ ಮನೆ,
ಮೂರನೇ ಮಹಡಿ. ಕೆಳಗೆ ಏಲಕ್ಕಿ ಅಂಗಡಿ.
ಮರದ ಜಾಲಂದರದಿಂದ ಬಿಸಿಲು
ತೂತುತೂತಾಗಿ ಮೇಜಿಗೆ ಬಿದ್ದಿದೆ,
ಬೇಕಾದಷ್ಟು ಹರಿದುಕೊಳ್ಳಿ ಎಂಬಂತೆ.

ಎದುರಿಗೆ ನಜ್ಮಿಯಾ ಖಾಲಾ.
ಮಕ್ಕಾದಿಂದ ಬಸ್ಸಿನಲ್ಲಿ ಬಂದವಳು,
ಮಡಿಲಲ್ಲಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯೊಳಗೆ ಮಫ್ಲರು, ಮಫ್ಲರಿನೊಳಗೆ ಲಕೋಟೆ.

ಈ ಮೊದಮೊದಲ ಚೀಟಿಗಳಲ್ಲಿ ರಾಜನ ತಲೆಯಿಲ್ಲ,
ಕಿರೀಟವಿಲ್ಲ, ಒಂಟೆಯೂ ಇಲ್ಲ.
ಬಳ್ಳಿಗೆ ಸುತ್ತಿದ ಬಳ್ಳಿ, ನಡುವೆ ಬರಹ.
ಕೈರೋದಲ್ಲಿ ಅಚ್ಚಾಗಿ ಹಡಗಿನಲ್ಲಿ ಬಂದವು.
ಅಂಟು ಸಿಹಿಯಿತ್ತೆಂದು ಒಂದು ಮಾತಿದೆ.
ನಾನು ನೆಕ್ಕಿ ನೋಡಿಲ್ಲ. ನನ್ನ ಕಸುಬಿನಲ್ಲಿ
ನಾಲಗೆಗೆ ಕೆಲಸ ಕಡಿಮೆ.

ಚೀಟಿ ಅಸಲಿಯೇ. ಅಂಚಿನ ಗರಗಸದ ಹಲ್ಲು
ಎಷ್ಟು ಒರಟಿರಬೇಕೋ ಅಷ್ಟೇ ಒರಟು.
ಸಂಶಯ ಅದರ ಮೇಲೊತ್ತಿದ ಕಪ್ಪಕ್ಷರದ್ದು.
ಆಳುವವರು ಬದಲಾದಾಗ ಹೊಸ ಚೀಟಿಗೆ ಹೊತ್ತೆಲ್ಲಿ?
ಹಳೆಯದರ ಮುಖಕ್ಕೇ ಹೊಸ ಹೆಸರು ಒತ್ತಿದರು,
ಆತುರದಲ್ಲಿ ಓರೆ, ಕೆಲವೊಮ್ಮೆ ತಲೆಕೆಳಗು.
ತಲೆಕೆಳಗಾದದ್ದಕ್ಕೆ ಹತ್ತುಪಟ್ಟು ಬೆಲೆ.
ತಪ್ಪಿಗೆ ಇಷ್ಟು ಮರ್ಯಾದೆ ಕೊಡುವ ಲೋಕ ಇನ್ನೊಂದಿಲ್ಲ.
ಹಾಗಾಗಿ ತಪ್ಪನ್ನು
ತಪ್ಪಿಲ್ಲದೆ ಮಾಡುವವರೂ ಹುಟ್ಟಿಕೊಂಡರು.

ಭೂತಗನ್ನಡಿ ಇಳಿಸಿದೆ.
ಜೀಮ್ ಅಕ್ಷರದ ಹೊಟ್ಟೆಯಲ್ಲಿನ ಚುಕ್ಕೆ
ಮೂಲೆ ಸವೆದ ಚೌಕವಾಗಿರಬೇಕಿತ್ತು;
ಇಲ್ಲಿ ಗುಂಡಗೆ, ನೊಣದ ಕಣ್ಣು.
ಹಳೆ ಮಸಿಯನ್ನು ಕಾಗದ ಕುಡಿದಿರುತ್ತದೆ;
ಇದು ಕೆನೆಯಂತೆ ಮೇಲೇ ಕೂತಿದೆ,
ಅಂಚೆಮುದ್ರೆಯ ಮೇಲೂ ಕೂತಿದೆ!
ಮೊದಲು ಮುದ್ರೆ, ಆಮೇಲೆ ಹೆಸರು.
ಕೂಸು ಹುಟ್ಟುವ ಮುನ್ನ ಕುಲಾವಿ.
ಯಾವುದೋ ಪತ್ರದಿಂದ ಕಿತ್ತ ಚೀಟಿ;
ಅದರ ಮೇಲಿದ್ದ ಅರ್ಧ ವೃತ್ತಕ್ಕೆ
ಉಳಿದರ್ಧವನ್ನು ಲಕೋಟೆಯ ಮೇಲೆ
ಪೆನ್ನಿನಲ್ಲಿ ಎಳೆದಿದ್ದಾನೆ, ಕೈ ನಡುಗಿಲ್ಲ.

ನಡುಗಿದ್ದು ತಾರೀಖು. ಜಿದ್ದಾದಿಂದ ಮಕ್ಕಾಕ್ಕೆ,
ಶವ್ವಾಲ್, ಸಾವಿರದ ಮುನ್ನೂರ ನಲವತ್ತಮೂರು.
ಊರ ಗೋಡೆಯಾಚೆ ಮುತ್ತಿಗೆಯ ಸೈನ್ಯ, ಮುಳ್ಳುತಂತಿ.
ಕಡಲನ್ನು ಕಾಯಿಸಿ ಇಳಿಸಿದ ನೀರನ್ನು
ನನ್ನಜ್ಜ ತಂಬಿಗೆ ಲೆಕ್ಕದಲ್ಲಿ ಕೊಂಡ ವರ್ಷ.
ಆ ತಿಂಗಳು ಆ ದಾರಿಯಲ್ಲಿ
ಅಂಚೆಯ ಕತ್ತೆಯೂ ನಡೆದಿಲ್ಲ.

ಹೇಳಿದೆ. ಬಳೆಯಿಲ್ಲದ ಮಣಿಕಟ್ಟು ತಿರುವುತ್ತ ಕೇಳಿದಳು.
‘ನಾಲ್ಕು ಬಳೆ ಮಾರಿ ಕೊಂಡಿದ್ದ, ಅಕೀಲ್.
ವಿಳಾಸ ಅವನಜ್ಜಿಯ ಓಣಿಯದು.
ಅಜ್ಜ ಈ ಊರಲ್ಲಿ ಸಿಕ್ಕಿಬಿದ್ದಿದ್ದರಂತೆ,
ಸುದ್ದಿಯಿಲ್ಲ, ಆಮೇಲೆ ಆಳೂ ಇಲ್ಲ.
ಶುಕ್ರವಾರ ಶುಕ್ರವಾರ ಇದನ್ನು ತೆಗೆದು
ನೋಡೇ, ಒಂದಾದರೂ ತಲುಪಿತ್ತು, ಅನ್ನುತ್ತಿದ್ದ.’

ಚಹಾ ತಣ್ಣಗಾಗಿ ಮೇಲೆ ಪೊರೆ ಕಟ್ಟಿತ್ತು.
‘ಅಂದರೆ ಯಾರೂ ಬರೆಯಲೇ ಇಲ್ಲವೇ?’
ಬರೆದಿರಬಹುದು, ಖಾಲಾ. ತಲುಪಿರಲಾರದು.
‘ಇದು ತಲುಪಿತಲ್ಲ’ ಅಂದಳು,
ಜಗಳಕ್ಕಲ್ಲ, ಸುಮ್ಮನೆ, ಲೆಕ್ಕ ಒಪ್ಪಿಸುವವಳಂತೆ.

ಖೋಟಾ ಅಂತ ಹಿಂಬದಿಗೆ ಮುದ್ರೆ ಒತ್ತುವುದು ನನ್ನ ಪದ್ಧತಿ.
ಬೇಡ ಅಂದಳು. ಬೇರೆ ಹಾಳೆಯಲ್ಲಿ ಬರೆದುಕೊಟ್ಟೆ.
ಓದದೆ ಮಡಚಿ ಡಬ್ಬಿಯ ತಳಕ್ಕೆ ಹಾಕಿದಳು,
ಮೇಲೆ ಮಫ್ಲರು, ಮಫ್ಲರಿನೊಳಗೆ ಲಕೋಟೆ.

ಫೀಸು ನಲವತ್ತು. ಐವತ್ತರ ನೋಟು ಕೊಟ್ಟಳು.
ಚಿಲ್ಲರೆಗೆಂದು ಏಲಕ್ಕಿ ಅಂಗಡಿಗೆ ಇಳಿದು
ಏದುಸಿರು ಬಿಡುತ್ತ ಹತ್ತಿ ಬಂದರೆ
ಕುರ್ಚಿ ಖಾಲಿ.

ಕೈಯಲ್ಲಿ ಅವಳ ಹತ್ತು ರಿಯಾಲ್.
ರೂಢಿ ಬಿಡುವುದಿಲ್ಲ. ದೀಪಕ್ಕೆ ಹಿಡಿದು ನೋಡಿದೆ.
ಅಸಲಿ.