ಎಂಬತ್ತೇಳರಲ್ಲಿ ಒಂದು

ಚಂದ್ರಶಾ ಕಾಕಾ ಹಳೇ ಲಗ್ನಪತ್ರಿಕೆ ಕತ್ತರಿಸಿ
ವಾಡಿ ಪ್ಯಾಸೆಂಜರಿನ ಡಬ್ಬಿ ಮಾಡ್ಯಾನ.
ಖರೇ ಗಾಡಿಯಾಗ ಬಾಗಿಲು ಯಾರು ಮುಚ್ತಾರ ಅಂತ
ತೆರೆದೇ ಅಂಟಿಸ್ಯಾನ.

ಖಿಡಕಿ ಸರಳಿಗೆ
ನಾ ಸೀರಿಗೆ ಫಾಲ್ ಹಚ್ಚೋ ದಾರ.
ನೀಲಿ ಬಣ್ಣ ಮೂರು ಸಲ.
ಆಮೇಲೆ ಉಗುರಿಲೆ ಕೆರೆದು
ಒಂದೇ ಡಬ್ಬಿಗೆ ತುಕ್ಕು ತಂದಾನ.

"ವಾಡಿಯಿಂದ ಕಲಬುರಗಿ ಮೂವತ್ತೇಳು ಕಿಲೋಮೀಟರು.
ಎಂಬತ್ತೇಳರಿಂದ ಭಾಗಿಸು."
ಭಾಗಿಸಿದೆ. ನಾನೂರಿಪ್ಪತ್ತೈದು ಮೀಟರು:
ನಮ್ಮ ಓಣಿ, ಹಿಟ್ಟಿನ ಗಿರಣಿ ದಾಟಿ
ಫರಸಿ ಅಂಗಡಿ ತನಕ ಹಳಿ ಬೇಕು.
ಇರೋದು ಒಂದು ಮಂಚ.

ಮಂಚದ ತುದಿಗೆ ಬಂದ ಗಾಡಿ
ವಾಡಿಯ ಔಟರಿನಾಗೇ ನಿಂತದ.
ಇಳಿಸಲೇನು, ಅಂತ ಕೈ ಚಾಚಿದೆ.
ಕಾಕಾ ಗಡಿಯಾರ ನೋಡಿದ:
"ಕ್ರಾಸಿಂಗ್ ಅದ. ಜರಾ ತಡಿ."