ಹಿಟ್ಟಿನ ಮೇಲೊಂದು ‘ಈಗ’

ನಲವತ್ತು ಬ್ರೆಡ್ಡು ಕರಕಲಾದ ಬೆಳಗು
ಫಿನ್ಲೇ ತಲೆ ಎತ್ತಲಿಲ್ಲ.
ತಪ್ಪು ಅವನದಲ್ಲ, ಫೋನಿನದು.
ನಾನು ವ್ಯಾನಿನಲ್ಲಿ ಬನ್ನು ಹಂಚಲು ಹೋದಾಗ
ಟ್ವೀಡ್ ಹೆಡ್ಸ್‌ನ ನಮ್ಮ ಬೇಕರಿಯ ಹಿಂಬದಿಯಲ್ಲಿ
ಮೈದಾ ಚೀಲಕ್ಕೆ ಒರಗಿ ಅವನು ಕಣ್ಣು ಮುಚ್ಚಿದ್ದ;
ಫೋನು ಬೀದಿಯಾಚೆಯ ಟವರು ಹಿಡಿದು
ತನ್ನಷ್ಟಕ್ಕೆ ಒಂದು ಗಂಟೆ ಹಿಂದೆ ಹೋಗಿತ್ತು.

ಬೀದಿಯಾಚೆ ಕ್ವೀನ್ಸ್‌ಲ್ಯಾಂಡು.
ಬೇಸಿಗೆ ಬಂದರೂ ಅವರು ಗಡಿಯಾರ ಮುಟ್ಟುವುದಿಲ್ಲ,
ನಾವು ಮುಟ್ಟುತ್ತೇವೆ.
ಹಾಗಾಗಿ ಅಕ್ಟೋಬರಿನಿಂದ ಏಪ್ರಿಲಿನವರೆಗೆ
ಪಾಳಿ ಮುಗಿಸಿ ಏಳಕ್ಕೆ ಹೊರಟ ನಾನು
ಆರೂ ಹತ್ತಕ್ಕೆ ಮನೆಯಲ್ಲಿ.
ಹೊಸವರ್ಷದ ರಾತ್ರಿ ಕುಡಿದವರು
ಹನ್ನೆರಡಕ್ಕೆ ಒಮ್ಮೆ ಅಪ್ಪಿಕೊಂಡು, ರಸ್ತೆ ದಾಟಿ
ಮತ್ತೆ ಹನ್ನೆರಡಾಗಲೆಂದು ಕಾಯುತ್ತಾರೆ.

“ವಸುಮತಿ,” ಎಂದ ಫಿನ್ಲೇ,
ಅವನ ಬಾಯಲ್ಲಿ ಅದು ‘ವಾಸೂ ಮಾಟಿ’.
“ಬೆಳಕಿಗಿಂತ ಜೋರಾಗಿ ಓಡೋ ಸುದ್ದಿ ಇದ್ದಿದ್ರೆ
ಈ ಸುಟ್ಟ ವಾಸನೆ ಹಿಂದಕ್ಕೆ ಹೋಗಿ
ಮಲಗಿದ್ದ ನನ್ನನ್ನ ಎಬ್ಬಿಸ್ತಿತ್ತಾ?”

ಚಿತ್ರದುರ್ಗದಲ್ಲಿ ಮೂರು ವರ್ಷ ಓದಿದ ಭೌತಶಾಸ್ತ್ರ
ಇಪ್ಪತ್ತು ವರ್ಷದ ಮೇಲೆ ಎದ್ದು ಕೂತಿತು.
ರಂಗೋಲಿ ಎಳೆಯುವ ಬೆರಳಿನಲ್ಲೇ
ಮೇಜಿನ ಹಿಟ್ಟಿನ ಮೇಲೆ ಗೀಚಿದೆ:
ನೆಟ್ಟಗೆ ಮೇಲಕ್ಕೆ ಹೊತ್ತು, ಅಡ್ಡಕ್ಕೆ ದೂರ,
ನಡುವೆ ಓರೆಯಾಗಿ ಬೆಳಕಿನ ಗೆರೆ.
ಈ ಅಡ್ಡಗೆರೆ ನನ್ನ ‘ಈಗ’.
ನನ್ನಿಂದ ದೂರ ಓಡುತ್ತಿರುವವನ ‘ಈಗ’
ಒಂದೇ ತಟ್ಟೆಗೆ ಬೆಲ್ಲ ಬಿದ್ದ ತಕ್ಕಡಿಯ ದಂಡ,
ಅತ್ತ ಏರಿ ಇತ್ತ ಇಳಿಯುತ್ತದೆ;
ಓಟ ಹೆಚ್ಚಿದಷ್ಟೂ ಓರೆ ಹೆಚ್ಚು,
ಬೆಳಕಿನ ಗೆರೆ ಮಾತ್ರ ಅದಕ್ಕೆ ಎಟುಕದು.

ಬೆಳಕನ್ನೂ ಹಿಂದೆ ಹಾಕುವ ಬಾಣ ಬಿಡು.
ಅದು ಆ ಗೆರೆಯ ಕೆಳಗೆ ಮಲಗುತ್ತದೆ.
ನನ್ನ ಪಾಲಿಗೆ ಹೊರಟು ಆಮೇಲೆ ಮುಟ್ಟಿತು;
ಅವನ ಪಾಲಿಗೆ ಮುಟ್ಟಿ ಆಮೇಲೆ ಹೊರಟಿತು.
“ಅಷ್ಟಕ್ಕೇ ನಿನ್ನೆಗೆ ಹೋದೆ ಅನ್ನಬೇಡ,” ಎಂದೆ,
“ನಾನು ದಿನಾ ಹೊರಡುವ ಮೊದಲೇ ಮನೆ ಸೇರಲ್ವಾ?
ಅದು ಬರೀ ಲೆಕ್ಕದ ಜಗಳ.”

ಆದರೆ ಅವನ ಕೈಯಲ್ಲೂ ಅಂಥದೇ ಬಿಲ್ಲಿದ್ದು
ತನ್ನ ಓರೆ ‘ಈಗ’ದ ಗುಂಟ ಉತ್ತರ ಎಸೆದನೋ,
ಅದು ಬಂದು ಬೀಳುವುದು
ನನ್ನ ಪ್ರಶ್ನೆಗಿಂತ ಕೆಳಗೆ.
ಬೆರಳು ತ್ರಿಕೋನ ಮುಚ್ಚಿತು.

“ಅಂದ್ರೆ ಬರುತ್ತೆ!” ಅವನ ಕಣ್ಣರಳಿತು.
ಬರುತ್ತೆ. ನೀನೆದ್ದು ಒಲೆ ಆರಿಸ್ತೀಯ. ಸುಡೋದಿಲ್ಲ.
ಸುಡದ ಬ್ರೆಡ್ಡಿನ ಸುದ್ದಿ ಕಳಿಸಿದ್ದು ಯಾರು?
ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರೆ ನಮ್ಮ ಕಡೆ;
ಇದು ಕೂಸೇ ಹುಟ್ಟದಂತೆ ಮಾಡುವ ಕುಲಾವಿ.

“ಬೇರೆ ದಾರಿ ಇಲ್ಲವಾ?”
ಇದೆ. ಎಲ್ಲೋ ಒಂದು ಯಜಮಾನ ಗಡಿಯಾರವಿದ್ದು
ಬಾಣಗಳೆಲ್ಲ ಅದರ ‘ಈಗ’ವನ್ನೇ ಕೇಳಿ ಹಾರುವುದಾದರೆ
ಎಷ್ಟು ಜೋರು ಹೋದರೂ ಯಾರೂ ಹಿಂದಕ್ಕೆ ಬೀಳರು.
ಆಗ ಉಳಿದವರ ‘ಈಗ’ ಎಲ್ಲ ಬಾಡಿಗೆಯದು.
ಯಾರ ಗಡಿಯಾರವೂ ಮೇಲಲ್ಲ ಎಂಬ ಮಾತನ್ನು,
ನನ್ನ ಹೆಸರು ಹೊರಳದ ಈ ಊರಿನಲ್ಲಿ
ನಾನು ಒಳಗೊಳಗೇ ಹಚ್ಚಿಕೊಂಡ ಮಾತನ್ನು
ಬಿಟ್ಟುಕೊಡಬೇಕು.
ವೇಗ. ಸಮಾನತೆ. ಮೊದಲು, ಆಮೇಲೆ.
ಮೂರು ಹಿಟ್ಟಿನುಂಡೆ, ಒಲೆಯಲ್ಲಿ ಎರಡಕ್ಕೇ ಜಾಗ.

“ನೀನು ಯಾವ್ದು ಬಿಡ್ತೀಯ?”
ಹೊರಗೆ ಯಜಮಾನಿ ಡೆಲ್ವೀನಳ ಕಾರಿನ ಸದ್ದು.
ಅಂಗೈಯಿಂದ ಮೇಜು ಒರೆಸಿಬಿಟ್ಟೆ;
ಬೆಳಕು, ಬಾಣ, ಎರಡು ‘ಈಗ’
ಎಲ್ಲ ಮತ್ತೆ ಮೈದಾ.
ಬೈಗುಳ ಇಬ್ಬರಿಗೂ ಸಮನಾಗಿ ಸಿಕ್ಕಿತು.
ಕರಕಲನ್ನು ಕಡಲಹಕ್ಕಿಗಳೂ ಮೂಸಲಿಲ್ಲ.

ಪಾಯಿಂಟ್ ಡೇಂಜರಿನ ದೀಪಸ್ತಂಭ ಆರಿತ್ತು,
ಎರಡೂ ರಾಜ್ಯಗಳ ಕಡಲಿಗೆ ರಾತ್ರಿಯಿಡೀ
ಒಂದೇ ವೇಗದಲ್ಲಿ ಬೆಳಕು ಹಂಚಿ.
ಡಿಕ್ಸನ್ ಬೀದಿ ದಾಟಿದೆ.
ಕೈಗಡಿಯಾರದ ಮುಳ್ಳು ಒಂದು ಸುತ್ತು ಹಿಂದಕ್ಕೆ ತಿರುವಿದೆ.
ಬಾಗಿಲು ತೆಗೆದಾಗ ಆರೂ ಹತ್ತು.
ಜಡೆಯಲ್ಲಿ ಇನ್ನೂ
ನಾಲ್ಕು ಗಂಟೆಯ ಸುಟ್ಟ ವಾಸನೆ.